ಅಣ್ಣನ ಕೈರುಚಿ

ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಆ ಪುಟ್ಟ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಾಲರಕ್ಕ ಎಂದೇ ಕರೆಯುತ್ತಿದ್ದರು. ತೋಳು ಒಬ್ಬರು, ಜೇಬು ಇನ್ನೊಬ್ಬರು, ಗುಂಡಿ ಮತ್ತೊಬ್ಬರು ಹೊಲಿದರೆ ಕಾಲರ್ ಅವಳ ಪಾಲು. ಕೆಲಸಕ್ಕೆ ಸೇರಿದಾಗಿನಿಂದ ಅವಳು ಬೇರೇನನ್ನೂ ಹೊಲಿದವಳಲ್ಲ. ಮೂಲೆಗೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಅದನ್ನು ಒತ್ತಿ ಹಿಡಿದ ಮಷೀನಿನ ಪಾದ ಎತ್ತಿ, ಬಟ್ಟೆ ತಿರುಗಿಸಿ ಮತ್ತೆ ಇಳಿಸಬೇಕು. ಬೇರೆಯವರು ಮಾಡಿದರೆ ಕಾಲರಿನ ತುದಿ ಇಲಿಯ ಕಿವಿಯಂತೆ ದುಂಡಗಾಗುತ್ತಿತ್ತು. ಅವಳದು ಮಾತ್ರ ಮಗುವಿನ ಗಲ್ಲಕ್ಕೆ ಚುಚ್ಚುವಷ್ಟು ಚೂಪು.

ಮಧ್ಯಾಹ್ನ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲಿನ ಚೂರುಪಾರನ್ನು ಪಕ್ಕಕ್ಕೆ ತಳ್ಳಿ ಎಲ್ಲರೂ ಡಬ್ಬಿ ಬಿಚ್ಚುತ್ತಿದ್ದರು. ಯಾರು ಏನು ಮಾಡಿದರು, ಹೇಗೆ ಮಾಡಿದರು, ಎಲ್ಲಿ ಕೆಟ್ಟಿತು ಎನ್ನುವ ಮಾತೇ ಅರ್ಧ ಊಟ. ಕಾಲರಕ್ಕನ ಡಬ್ಬಿ ಮೇಜಿನ ಈ ತುದಿಯಿಂದ ಹೊರಟರೆ ಆ ತುದಿ ಮುಟ್ಟುವುದರೊಳಗೆ ತಳ ಕಾಣಿಸುತ್ತಿತ್ತು. ಅವಳ ಹೊಟ್ಟೆ ತುಂಬುತ್ತಿದ್ದದ್ದು ಬೇರೆಯವರ ಅಡುಗೆಯಿಂದ. ಅದರಲ್ಲಿ ಅವಳಿಗೆ ಬೇಸರವಿರಲಿಲ್ಲ.

ಬೇಸರವಿದ್ದದ್ದು ಮನೆಯಲ್ಲಿ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಗಂಡ ಉಂಡು ಎದ್ದು ಹೋಗುತ್ತಿದ್ದ. ಮಗಳು ಫೋನ್ ನೋಡುತ್ತಲೇ ತಟ್ಟೆ ಖಾಲಿ ಮಾಡುತ್ತಿದ್ದಳು. ಚೆನ್ನಾಗಿದ್ದ ದಿನ ಮಾತಿಲ್ಲ, ಕೆಟ್ಟ ದಿನ ಮಾತ್ರ "ಏನಾಯ್ತು ಇವತ್ತು?" ಎಂಬ ಪ್ರಶ್ನೆ ತಪ್ಪದೇ ಬರುತ್ತಿತ್ತು.

ಗಂಡನ ತಂಗಿ, ಅಂದರೆ ಅವಳ ನಾದಿನಿ, ಫೋನಿನಲ್ಲಿ ಮನೆಯವರದೇ ಒಂದು ಗುಂಪು ಮಾಡಿದ್ದಳು. ಅದರ ಹೆಸರು 'ಇವತ್ತಿನ ಅಡುಗೆ'. ಅತ್ತೆ, ಚಿಕ್ಕತ್ತೆಯರು, ಸೊಸೆಯರು, ಸೋದರತ್ತೆಯ ಮಕ್ಕಳು, ಎಲ್ಲರೂ ಅದರಲ್ಲಿ. ಮಾಡಿದ ಅಡುಗೆಯ ಫೋಟೋ ಹಾಕುವುದು, ಒಬ್ಬರನ್ನೊಬ್ಬರು ಹೊಗಳುವುದು. ಕಾಲರಕ್ಕನೂ ಹಾಕುತ್ತಿದ್ದಳು. ಅವಳ ಅಡುಗೆಗೆ ರುಚಿ ಇತ್ತು, ಆದರೆ ಮುಖ ಇರಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ, ಮಸಿ ಹಿಡಿದ ಪಾತ್ರೆಯಲ್ಲಿ, ಕಂದು ಬಣ್ಣದ ಏನೋ ಒಂದು. ಅದಕ್ಕೆ ಹೆಬ್ಬೆರಳು ಎತ್ತುತ್ತಿದ್ದದ್ದು ಒಬ್ಬ ಚಿಕ್ಕತ್ತೆ ಮಾತ್ರ. ಆ ಚಿಕ್ಕತ್ತೆ ಸಾವಿನ ಸುದ್ದಿಗೂ ಹೆಬ್ಬೆರಳು ಎತ್ತಿದವರು. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ.

ಹೀಗಿರುವಾಗ ಗಂಡ ಏಣಿಯಿಂದ ಬಿದ್ದ.

ಅವನು ಮನೆಗಳಿಗೆ ಬಣ್ಣ ಬಳಿಯುವವನು. ಎರಡನೇ ಮಹಡಿಯ ಕಿಟಕಿಯ ಅಂಚಿಗೆ ಕೈ ಚಾಚಿದಾಗ ಏಣಿ ಜಾರಿತು. ಹಿಮ್ಮಡಿಯ ಮೂಳೆ ಮುರಿಯಿತು. ಮೊಣಕಾಲವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಮಂಚದ ಮೇಲೆ ಕೂತ. ಮೊದಮೊದಲು ನಿದ್ದೆ ಮಾಡಿದ, ಆಮೇಲೆ ಫೋನ್ ನೋಡಿದ, ಆಮೇಲೆ ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ಕಿಟಕಿಯಿಂದ ಮಾತಾಡಿಸಿದ. ಅದೂ ಬೇಜಾರಾದಾಗ ಒಂದು ದಿನ ಊರುಗೋಲು ಹಿಡಿದು ಕುಂಟುತ್ತಾ ಅಡುಗೆಮನೆಗೆ ಹೊಕ್ಕ.

ಆ ಸಂಜೆ ಕಾಲರಕ್ಕ ಕೆಲಸದಿಂದ ಬಂದಾಗ ಮೇಜಿನ ಮೇಲೆ ಕುಂಬಳಕಾಯಿಯ ಸೂಪ್ ಇತ್ತು. ಬಿಳಿಯ ಬಟ್ಟಲು, ಮೇಲೆ ಸುಳಿಯಾಗಿ ಎಳೆದ ಕೆನೆ, ಪಕ್ಕದಲ್ಲಿ ಎರಡೇ ಎರಡು ಹಸಿರು ಎಲೆ. ಬಣ್ಣ ಬಳಿಯುವವನಿಗೆ ಯಾವುದರ ಪಕ್ಕ ಯಾವುದು ಒಪ್ಪುತ್ತದೆ ಎಂದು ಹೇಳಿಕೊಡಬೇಕೇ? ನೀಲಿ ಬಣ್ಣದ ಕಿಟಕಿಯ ಕಟ್ಟೆಯ ಮೇಲಿಟ್ಟು, ಸಂಜೆಯ ಬೆಳಕಿನಲ್ಲಿ ಫೋಟೋ ತೆಗೆದು ಗುಂಪಿಗೆ ಹಾಕಿಯೂ ಬಿಟ್ಟಿದ್ದ.

ಗುಂಪಿನಲ್ಲಿ ಗದ್ದಲವೋ ಗದ್ದಲ. "ಅಣ್ಣನ ಕೈರುಚಿ!" ಎಂದು ನಾದಿನಿ ಬರೆದಿದ್ದಳು. "ಹೋಟೆಲಿನಲ್ಲೂ ಹೀಗೆ ಸಿಗಲ್ಲ" ಎಂದು ಒಬ್ಬರು. ಫೋನಿನಲ್ಲಿ ಎರಡಕ್ಷರ ಒತ್ತುವುದಕ್ಕೂ ಬೇಸರಪಡುವ ಅತ್ತೆ, "ಮುರಿದ ಕಾಲಿನಲ್ಲೂ ನನ್ನ ಮಗ" ಎಂದು ಶುರುಮಾಡಿ ಮುಂದೆ ಬರೆಯಲಾರದೆ ಕಣ್ಣೀರಿನ ಚಿತ್ರ ಹಾಕಿದ್ದರು. ಕೊನೆಗೆ ನಾದಿನಿಯದೇ ಇನ್ನೊಂದು ಸಾಲು: "ಅತ್ತಿಗೆ, ನೀವು ಪುಣ್ಯ ಮಾಡಿದ್ರಿ ಬಿಡಿ!"

ಕಾಲರಕ್ಕ ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ಎಲ್ಲವನ್ನೂ ಓದಿದಳು. ಆಮೇಲೆ ಒಂದು ಚಮಚ ಸೂಪ್ ಬಾಯಿಗಿಟ್ಟಳು. ಅದು ಚೆನ್ನಾಗಿಲ್ಲದಿದ್ದರೆ ಅವಳು ಅವತ್ತೇ ಅವನನ್ನು ಕ್ಷಮಿಸಿಬಿಡುತ್ತಿದ್ದಳೋ ಏನೋ. ಚೆನ್ನಾಗಿತ್ತು. ಕುಂಬಳಕಾಯಿಯನ್ನು ಮೊದಲು ಹುರಿದುಕೊಂಡಿದ್ದ. ಅದು ಅವಳಿಗೆ ಎಂದೂ ಹೊಳೆದಿರಲಿಲ್ಲ.

"ಹೇಗಿದೆ?" ಎಂದು ಗಂಡ ಮಗುವಿನಂತೆ ಕೇಳಿದ.

"ಪಾತ್ರೆ ಎಷ್ಟು ಮಾಡಿದ್ದೀರಿ!" ಎಂದು ಅವಳು ತೊಟ್ಟಿಯ ಕಡೆ ತಿರುಗಿದಳು. ಒಂದು ಸೂಪಿಗೆ ಮನೆಯಲ್ಲಿದ್ದ ಪಾತ್ರೆಯೆಲ್ಲ ಮುಸುರೆಯಾಗಿತ್ತು. ಅವನು ನಿಲ್ಲಲಾರ, ತೊಳೆದವಳು ಅವಳೇ.

ಅಲ್ಲಿಂದ ಶುರುವಾಯಿತು ನೋಡಿ. ಒಂದು ದಿನ ಬಟಾಣಿ ಹಾಕಿದ ಅನ್ನ, ಒಂದು ದಿನ ಟೊಮೆಟೊದಲ್ಲಿ ಬೇಯಿಸಿದ ಮೊಟ್ಟೆ, ಇನ್ನೊಂದು ದಿನ ಬದನೆಕಾಯಿಯನ್ನು ಸುಟ್ಟು ಏನೋ. ಪ್ರತಿಯೊಂದಕ್ಕೂ ಫೋಟೋ, ಪ್ರತಿಯೊಂದಕ್ಕೂ ಗದ್ದಲ. ಮಗಳು ಬಾಗಿಲಲ್ಲೇ "ಅಪ್ಪ, ಇವತ್ತೇನು?" ಎಂದು ಕೂಗುತ್ತಾ ಒಳಗೆ ಬರತೊಡಗಿದಳು. ಫೋನ್ ಬದಿಗಿಟ್ಟು ಊಟ ಮಾಡತೊಡಗಿದಳು. ಕಾಲರಕ್ಕನ ತಾಯಿಯೂ ಮೊಮ್ಮಗಳು ಕಳಿಸಿದ ಫೋಟೋ ನೋಡಿ ಊರಿನಿಂದ ಫೋನ್ ಮಾಡಿ, ಮಗಳ ಯೋಗಕ್ಷೇಮ ಕೇಳುವ ಮೊದಲೇ, "ಅಳಿಯಂದಿರು ಆ ಬದನೆಕಾಯಿ ಹೇಗೆ ಮಾಡಿದ್ರಂತೆ?" ಎಂದರು. ಹೆತ್ತ ತಾಯಿಯೂ ಆ ಕಡೆಗೇ ವಾಲಿದ ಮೇಲೆ ಇನ್ನಾರನ್ನು ದೂರುವುದು? ಒಳಗೆ ಹೊತ್ತಿಕೊಂಡದ್ದು ಒಲೆಗಿಂತ ಜೋರಾಗಿಯೇ ಉರಿಯುತ್ತಿತ್ತು.

ಅವಳ ಡಬ್ಬಿಯನ್ನೂ ಈಗ ಅವನೇ ಕಟ್ಟುತ್ತಿದ್ದ. ಮೊದಲ ದಿನ ಮೇಜಿನ ಮೇಲೆ ಅದನ್ನು ತೆರೆದಾಗ, ಗುಂಡಿ ಹೊಲಿಯುವವಳು ಒಂದು ತುತ್ತು ಬಾಯಿಗಿಟ್ಟು ಕಣ್ಣರಳಿಸಿದಳು. ಅವಳು ಬಾಯಿ ತುಂಬ ಮಾತಾಡುವ ಹೆಂಗಸು, ನಗದೆ ಒಂದು ಸಾಲು ಮುಗಿಸಿದವಳಲ್ಲ.

"ಅಕ್ಕ, ಏನಿದು? ಕೈಗೆ ಮಂತ್ರ ಗಿಂತ್ರ ಹಾಕಿಸ್ಕೊಂಡ್ರಾ?"

ನನ್ನ ಗಂಡ ಮಾಡಿದ್ದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೇಜಿನ ಸುತ್ತ ಅಷ್ಟೂ ಮುಖಗಳು ಅವಳನ್ನೇ ನೋಡುತ್ತಿದ್ದವು. ಇಲ್ಲಿಯೂ ಅವನ ಹೆಸರು ಹೇಳಿದರೆ ಈ ಮೇಜೂ ಕೈತಪ್ಪಿದಂತೆ.

"ಹೊಸದಾಗಿ ಮಾಡ್ನೋಡ್ದೆ," ಎಂದಳು.

ಒಂದು ಸಲ ಹೇಳಿದ ಮೇಲೆ ಮರುದಿನ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಹೀಗೇ ನಡೆಯಿತು. ಹೊಗಳಿಕೆ ಬರುತ್ತಿತ್ತು, ಆದರೆ ಕದ್ದ ಮಾಲಿನಂತೆ ಕೈ ಸುಡುತ್ತಿತ್ತು. ಯಾರಾದರೂ "ಅಕ್ಕ, ಆ ಕುಂಬಳಕಾಯಿ..." ಎಂದು ಬಾಯಿ ತೆರೆದರೆ ಸಾಕು, ಗಾದೆಯ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವ ಹಾಗಾಗುತ್ತಿತ್ತು.

ಒಂದು ದಿನ ಅವಳು ಕನ್ನಡಕ ಮರೆತು ಹೋಗಿದ್ದಳು. ಕನ್ನಡಕವಿಲ್ಲದೆ ಕಾಲರಿನ ಮೂಲೆ ಕಾಣದು. ಗಂಡ ಆಟೋದಲ್ಲಿ ಅದನ್ನು ತಂದ. ಆ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿ, ಕೋಲೂರಿಕೊಂಡು ಓಡಾಡುವಷ್ಟಾಗಿದ್ದ. ಸರಿಯಾಗಿ ಊಟದ ಹೊತ್ತು. ಅವನು ಬಾಗಿಲಲ್ಲಿ ನಿಂತದ್ದೇ ತಡ, ಗುಂಡಿಯವಳು ಎದ್ದು ಹೋಗಿ ಮಾತಿಗೆಳೆದಳು.

"ನೀವು ಅದೃಷ್ಟವಂತರು ನೋಡಿ! ದಿನಾ ಇಂಥ ಊಟ! ಅಕ್ಕ ಈಗ ಮಾಡೋ ಅಡುಗೆ ಮುಂದೆ ಮೊದಲಿಂದು ಏನೂ ಅಲ್ಲ."

ಕಾಲರಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಗಂಡ ತೆರೆದಿದ್ದ ಡಬ್ಬಿಯನ್ನು ನೋಡಿದ. ಬೆಳಿಗ್ಗೆ ತಾನೇ ತುಂಬಿದ್ದ ಅನ್ನ. ಹೆಂಡತಿಯ ಮುಖ ನೋಡಿದ. ಅರೆಕ್ಷಣ ತಡೆದು, "ಹೌದು," ಎಂದ. "ಅವಳ ಕೈ ಹಾಗೇ." ಕನ್ನಡಕವನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೈ ಬೀಸಿ ಹೊರಟುಹೋದ.

ಸಂಜೆ ಅವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅವಳಿಗೂ ಬಾಯಿತ್ತು. ಅವನು ಬೈಯಲಿಲ್ಲ. ಈ ದೊಡ್ಡತನದಲ್ಲೂ ತನ್ನನ್ನು ಮೀರಿಸಿಬಿಟ್ಟನಲ್ಲ ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಆ ತಿಂಗಳ ಕೊನೆಯ ಭಾನುವಾರ ಅತ್ತೆಗೆ ಎಪ್ಪತ್ತೈದು ತುಂಬುವುದಿತ್ತು. ನಾದಿನಿಯ ಮನೆಯಲ್ಲಿ ಎಲ್ಲರೂ ಸೇರುವುದೆಂದಾಯಿತು. ಇಷ್ಟು ವರ್ಷ ಇಂಥ ಸಂದರ್ಭಗಳಲ್ಲಿ ಹಿಂದಿನ ದಿನವೇ ಹೋಗಿ ಈರುಳ್ಳಿ ಹೆಚ್ಚುವುದರಿಂದ ಹಿಡಿದು ಕೊನೆಯ ತಟ್ಟೆ ಒರೆಸುವವರೆಗೆ ದುಡಿದವಳು ಕಾಲರಕ್ಕ. ಈ ಸಲ ನಾದಿನಿ ಫೋನ್ ಮಾಡಿದಳು.

"ಅತ್ತಿಗೆ, ಈ ಸಲ ಅಣ್ಣನದೇ ಅಡುಗೆ! ಅಮ್ಮನ ಆಸೆ ಅದು. ನೀವು ಆರಾಮಾಗಿರಿ. ಅಣ್ಣಂಗೆ ಸ್ವಲ್ಪ ಕೈ ಜೋಡಿಸಿದ್ರೆ ಸಾಕು."

"ಕೈ ಜೋಡಿಸ್ಬೇಕಾ?" ಎಂದಳು ಕಾಲರಕ್ಕ.

"ಹೆಚ್ಚೋದು, ತೊಳೆಯೋದು, ಅಷ್ಟೇ."

ಆ 'ಅಷ್ಟೇ' ಅವಳ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಭಾನುವಾರ ನಾದಿನಿಯ ಮನೆಯ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಏರಿತು. ಕೋಳಿ, ಬೀನ್ಸ್, ಆಲೂಗಡ್ಡೆ ಎಲ್ಲ ಸೇರಿಸಿ ನಿಧಾನವಾಗಿ ಕುದಿಸಿದ ಸ್ಟ್ಯೂ ಅವನ ಯೋಜನೆ. ಗಂಡ ಸೊಂಟಕ್ಕೆ ಬಟ್ಟೆ ಸುತ್ತಿ ಸೌಟು ಹಿಡಿದು ನಿಂತ. ಕಾಲರಕ್ಕ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಆಲೂಗಡ್ಡೆಯ ಸಿಪ್ಪೆ ತೆಗೆದಳು. ನೋಡುವವರು ಬಂದರು, ಹೋದರು. "ಅಬ್ಬಾ, ಏನು ಘಮ!" ಎಂದರು. ಆಲೂಗಡ್ಡೆಗೆ ಘಮವಿಲ್ಲ, ಅವಳ ಕಡೆ ಯಾರೂ ತಿರುಗಲಿಲ್ಲ.

ಸ್ಟ್ಯೂ ಕುದಿ ಬಂದಾಗ ಅವನು ಉಪ್ಪಿನ ಡಬ್ಬಿ ತೆಗೆದು ಹದವಾಗಿ ಹಾಕಿದ. ಸರಿಯಾಗಿಯೇ ಹಾಕಿದ, ಅವಳ ಕಣ್ಣಳತೆಗೂ ಅದು ಸರಿಯೆನಿಸಿತು. ಅಷ್ಟರಲ್ಲಿ ನಾದಿನಿ ಫೋನ್ ಹಿಡಿದು ಬಂದಳು.

"ಅಣ್ಣ, ಸೌಟು ಮೇಲೆತ್ತು. ಹಾಗೇ ನಗು. ಇಲ್ಲ ಇಲ್ಲ, ಹಬೆಯಲ್ಲಿ ಮುಖ ಕಾಣ್ತಿಲ್ಲ, ಈ ಕಡೆ ಬಾ."

ಅವನು ಈ ಕಡೆ ಬಂದ, ಆ ಕಡೆ ಹೋದ, ಸೌಟೆತ್ತಿ ನಕ್ಕ. ಮಕ್ಕಳೆಲ್ಲ ಬಂದು ಅವನ ಸುತ್ತ ನಿಂತರು. ಫೋಟೋಗಳು ಮುಗಿದು ಒಲೆಯ ಕಡೆ ತಿರುಗಿದವನು, ಎಲ್ಲಿಗೆ ನಿಲ್ಲಿಸಿದ್ದೆ ಎಂದು ಯೋಚಿಸುವವನಂತೆ ತಲೆ ಕೆರೆದುಕೊಂಡು, ಉಪ್ಪಿನ ಡಬ್ಬಿಯನ್ನು ಮತ್ತೆ ತೆಗೆದ.

ಕಾಲರಕ್ಕ ಬಾಯಿ ತೆರೆದಳು. 'ರೀ' ಎನ್ನುವಷ್ಟು ಉಸಿರನ್ನೂ ಎಳೆದುಕೊಂಡಿದ್ದಳು. ಅದೇ ಗಳಿಗೆಯಲ್ಲಿ ನಾದಿನಿ ಫೋನಿನಿಂದ ಕಣ್ಣು ತೆಗೆಯದೆ, "ಅತ್ತಿಗೆ, ಸ್ವಲ್ಪ ಸರೀರಿ, ಇನ್ನೊಂದು ಫೋಟೋ ತೆಗೀಬೇಕು, ಅಡ್ಡ ಬರ್ತೀರಿ," ಎಂದಳು.

ಕಾಲರಕ್ಕ ಸ್ಟೂಲನ್ನು ಹಿಂದಕ್ಕೆಳೆದುಕೊಂಡು ಬಾಯಿ ಮುಚ್ಚಿದಳು. ಮೊದಲಿನಷ್ಟೇ ಉಪ್ಪು ಇನ್ನೊಮ್ಮೆ ಪಾತ್ರೆಗೆ ಬಿತ್ತು. ಅವಳು ಅದು ಕರಗುವುದನ್ನು ನೋಡಿದಳು, ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡಳು. ಒಳಗೆಲ್ಲೋ, ಬಹಳ ದಿನಗಳ ಮೇಲೆ, ತಣ್ಣಗಿತ್ತು.

ಊಟಕ್ಕೆ ಕೂತಾಗ ಅವಳು ಗೋಡೆಗೊರಗಿ ನಿಂತು ಮುಖಗಳನ್ನು ನೋಡಿದಳು. ಮೊದಲ ತುತ್ತಿಗೆ ನಾದಿನಿಯ ಗಂಡನ ಹುಬ್ಬು ಮೇಲೇರಿತು. ಚಿಕ್ಕತ್ತೆ ನೀರಿನ ಲೋಟಕ್ಕೆ ಕೈ ಹಾಕಿದರು. ಮಕ್ಕಳಲ್ಲೊಬ್ಬ "ಉಪ್ಪು!" ಎಂದು ಚೀರಿದ್ದಕ್ಕೆ ಅವನ ತಾಯಿ ತೊಡೆ ಚಿವುಟಿದಳು. ಗಂಡ ತಾನೇ ಒಂದು ಚಮಚ ಬಾಯಿಗಿಟ್ಟು ಬಿಳಿಚಿಕೊಂಡ. ಈಗ ಆಯಿತು ಎಂದುಕೊಂಡಳು ಕಾಲರಕ್ಕ. ಈಗ ಗೊತ್ತಾಗುತ್ತದೆ ಇವರಿಗೆ.

"ಚೂರು ಉಪ್ಪು ಮುಂದೆ, ಆದ್ರೂ ಏನು ರುಚಿ!" ಎಂದಳು ನಾದಿನಿ.

"ಮೊದಲನೇ ಸಲ ಇಷ್ಟು ಜನಕ್ಕೆ ಮಾಡಿದ್ದು, ಪಾಪ," ಎಂದರು ಚಿಕ್ಕತ್ತೆ, ಎರಡನೇ ಲೋಟ ನೀರು ಕುಡಿಯುತ್ತಾ.

"ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ ಅಂತಾರಲ್ಲ, ಇವತ್ತು ಎರಡೂ ಒಟ್ಟಿಗೆ ಸಿಕ್ತು!" ಎಂದ ನಾದಿನಿಯ ಗಂಡ. ಎಲ್ಲರೂ ನಕ್ಕರು. ಸ್ಟ್ಯೂಗೆ ಇನ್ನಷ್ಟು ಅನ್ನ ಕಲಸಿಕೊಂಡು, ಮೊಸರು ಸುರಿದುಕೊಂಡು, ಬೆವರುತ್ತಾ ಉಂಡರು. ಯಾರೂ ತಟ್ಟೆ ಬಿಟ್ಟೇಳಲಿಲ್ಲ.

ಕಾಲರಕ್ಕನಿಗೆ ನಂಬಲಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಇದೇ ಜನ ಅವಳ ಅನ್ನ ಮೆತ್ತಗಾಯಿತೆಂದು ವರ್ಷಾನುಗಟ್ಟಲೆ ನಗಾಡಿದ್ದರು.

ಆಗ ಅತ್ತೆ ಅವಳ ಕಡೆ ತಿರುಗಿದರು. ದನಿ ಜೋರಾಗಿರಲಿಲ್ಲ, ಆದರೆ ಎಲ್ಲರಿಗೂ ಕೇಳುವಂತಿತ್ತು. "ನೀನು ಪಕ್ಕದಲ್ಲೇ ಇದ್ಯಲ್ಲಮ್ಮ? ಅವನು ಗಂಡಸು, ಅವನಿಗೇನು ಗೊತ್ತಾಗುತ್ತೆ? ನೀನು ನೋಡ್ಕೋಬಾರದಿತ್ತಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕಾಲರಕ್ಕನ ಒಳಗೆ ತಿಂಗಳುಗಟ್ಟಲೆ ಕುದ್ದದ್ದೆಲ್ಲ ಉಕ್ಕಿತು.

"ನೋಡ್ದೆ ಅತ್ತೆ," ಎಂದಳು. "ಎರಡು ಸಲ ಹಾಕಿದ್ದನ್ನ ಕಣ್ಣಾರೆ ನೋಡ್ದೆ. ಬೇಕಂತಲೇ ಸುಮ್ಮನಿದ್ದೆ."

ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಚೆನ್ನಾಗಾದ್ರೆ ಅವರ ಕೈರುಚಿ, ಕೆಟ್ರೆ ನನ್ನ ಕಣ್ಣಿನ ತಪ್ಪಾ? ಇಷ್ಟು ವರ್ಷ ನಿಮ್ಮೆಲ್ಲರಿಗೂ ಬೇಯಿಸಿ ಹಾಕಿದ್ನಲ್ಲ, ಯಾರಾದ್ರೂ ಒಂದು ದಿನ ನನ್ನ ಫೋಟೋ ತೆಗೆದ್ರಾ? ಅವರು ಒಂದು ಸೂಪ್ ಮಾಡಿದ್ರೆ ಊರಿಗೆಲ್ಲ ಸುದ್ದಿ. ನಾನು ಮಾಡಿದ್ರೆ ಬರೀ ಊಟ."

ನಾದಿನಿ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. ಅತ್ತೆ ಕಣ್ಣು ತಗ್ಗಿಸಿ ಕೈ ತೊಳೆಯಲು ಎದ್ದರು. ಹುಟ್ಟಿದ ದಿನದಂದೇ ಮುದುಕಿಯನ್ನು ಊಟದಿಂದ ಎಬ್ಬಿಸಿದೆನಲ್ಲ ಎಂದು ಕಾಲರಕ್ಕನಿಗೆ ಆಮೇಲೆ ಅನ್ನಿಸಿತು. ಆ ಹೊತ್ತಿಗೆ ಅನ್ನಿಸಲಿಲ್ಲ.

ಬಸ್ಸಿನಲ್ಲಿ ಮನೆಗೆ ಬರುವಾಗ ಮಗಳು ಮುಂದಿನ ಸೀಟಿನಲ್ಲಿ ಕಿವಿಗೆ ಹಾಡು ಹಾಕಿಕೊಂಡು ಕೂತಿದ್ದಳು. ಗಂಡ ಕೋಲನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಹೊರಗೆ ನೋಡುತ್ತಿದ್ದ.

"ಅಷ್ಟೊಂದು ಹೊಟ್ಟೆಕಿಚ್ಚಾ?" ಎಂದ ಕೊನೆಗೆ.

"ಹೂಂ. ಅಷ್ಟೊಂದು."

"ನಿನ್ನ ಕಾರ್ಖಾನೆಯವರ ಮುಂದೆ ನಾನು ನಿನ್ನ ಬಿಟ್ಟುಕೊಡ್ಲಿಲ್ಲ."

"ಅದಕ್ಕೇ ಇನ್ನೂ ಜಾಸ್ತಿ ಬಂತು."

ಅವನಿಗೆ ಅದು ಅರ್ಥವಾಯಿತೋ ಇಲ್ಲವೋ. "ನನಗೆ ಅವಮಾನ ಆಯ್ತು," ಎಂದಷ್ಟೇ ಹೇಳಿ ಮತ್ತೆ ಕಿಟಕಿಗೆ ತಿರುಗಿದ.

ಮರುದಿನದಿಂದ ಅವನು ಒಲೆಯ ಹತ್ತಿರ ಸುಳಿಯಲಿಲ್ಲ. ಮತ್ತೆ ಕಾಲರಕ್ಕನೇ ಬೇಗ ಎದ್ದು ಬೇಯಿಸತೊಡಗಿದಳು. ಗೆದ್ದೆ ಎಂದುಕೊಂಡಿದ್ದಳು. ಆದರೆ ಮಗಳು ಮತ್ತೆ ಫೋನ್ ಹಿಡಿದು ಉಂಡಳು, ಗಂಡ ಮತ್ತೆ ಮಾತಿಲ್ಲದೆ ಉಂಡು ಎದ್ದ. ಬೇಡ ಬೇಡವೆಂದರೂ ಆ ಸುಟ್ಟ ಬದನೆಕಾಯಿಯ ರುಚಿ ಅವಳ ನಾಲಿಗೆಗೇ ನೆನಪಾಗುತ್ತಿತ್ತು.

ಕಾರ್ಖಾನೆಯಲ್ಲಿ ಗುಂಡಿಯವಳಿಗೆ ನಿಜ ಹೇಳಿಬಿಟ್ಟಳು. "ಅಷ್ಟು ದಿನ ನೀವು ತಿಂದಿದ್ದು ನಂದಲ್ಲ ಕಣೇ. ಅವರು ಮಾಡಿದ್ದು."

"ಗೊತ್ತಿತ್ತು ಅಕ್ಕ," ಎಂದಳು ಗುಂಡಿಯವಳು, ದಾರ ಕಚ್ಚಿ ಕತ್ತರಿಸುತ್ತಾ. "ನಿಮ್ಮ ಅಡುಗೆ ಆಗಿದ್ರೆ ಹೊಗಳೋಕೆ ಪುರುಸೊತ್ತೆಲ್ಲಿರ್ತಿತ್ತು? ಅಷ್ಟರೊಳಗೆ ಖಾಲಿ ಆಗ್ತಿತ್ತಲ್ಲ."

ಕಾಲರಕ್ಕ ನಕ್ಕಳು. ಆ ಮಧ್ಯಾಹ್ನ ಪೂರ್ತಿ ಅವಳ ಮಷೀನು ಹಗುರಾಗಿ ಓಡಿತು. ಮನೆಗೆ ಬರುವಷ್ಟರಲ್ಲಿ, ಇದನ್ನು ಸಮಾಧಾನಕ್ಕೆ ಹೇಳಿದಳೋ ನಿಜವಾಗಿ ಹೇಳಿದಳೋ ಎಂಬ ಅನುಮಾನ ಹತ್ತಿತು.

ಕಾಲು ಪೂರ್ತಿ ವಾಸಿಯಾಗಿ ಗಂಡ ಬಣ್ಣದ ಕೆಲಸಕ್ಕೆ ಮರಳಿದ. ಒಂದು ಭಾನುವಾರ ಅವಳು ಬಟ್ಟೆ ಒಣಗಹಾಕಿ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಬದನೆಕಾಯಿ ಸುಡುವ ವಾಸನೆ. ಅವನು ತಿರುಗಿ ನೋಡದೆ, "ಫೋಟೋ ಹಾಕಲ್ಲ," ಎಂದ.

"ಹಾಕಿದ್ರೆ ಹಾಕಿ, ನನಗೇನು," ಎಂದಳು. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಳು. "ಸಿಪ್ಪೆ ಪೂರ್ತಿ ಕಪ್ಪಾಗೋವರೆಗೂ ಬಿಡ್ತೀರಲ್ಲ, ಕಹಿ ಆಗಲ್ವಾ?"

"ಆಗಲ್ಲ. ಬಾ, ತೋರಿಸ್ತೀನಿ."

ಅವಳು ಹೋದಳು. ನೋಡಿಕೊಂಡಳು. ಕಲಿತೆ ಎಂದು ಅವನಿಗೆ ಹೇಳಲಿಲ್ಲ. ಉಂಡ ಮೇಲೆ ಪಾತ್ರೆ ಅವನೇ ತೊಳೆದ, ಅರ್ಧಂಬರ್ಧ. ಆಮೇಲೆ ಭಾನುವಾರಗಳು ಅವನವಾದವು. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಹೋಗಲಿಲ್ಲ. ಮಗಳು "ಸೂಪರ್ ಅಪ್ಪ" ಎಂದಾಗಲೆಲ್ಲ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಅವಳು ಅದರ ಜೊತೆಯಲ್ಲೇ ಉಂಡಳು, ಎರಡನೇ ಸಲವೂ ಬಡಿಸಿಕೊಂಡಳು.

ಅತ್ತೆ ಬಹಳ ದಿನ ಫೋನ್ ಮಾಡಲಿಲ್ಲ. ಮಾಡಿದಾಗ ಆ ದಿನದ ಮಾತೆತ್ತಲಿಲ್ಲ.

"ಒಣಗಿದ ಬೀನ್ಸ್ ಕಾಳು ಎಷ್ಟು ಬೇಯಿಸಿದ್ರೂ ಗಟ್ಟಿಯಾಗೇ ಇರುತ್ತೆ ಕಣಮ್ಮ. ನೀನು ಹೇಗೆ ಮಾಡ್ತೀಯ?"

ಕಾಲರಕ್ಕ ಹೇಳಿದಳು: ಎಷ್ಟು ಹೊತ್ತು ನೆನೆಸಬೇಕು, ಯಾವಾಗ ನೀರು ಬದಲಿಸಬೇಕು, ಹುಳಿಯನ್ನು ಯಾಕೆ ಕೊನೆಗೆ ಹಾಕಬೇಕು. ಮುದುಕಿ ಹೂಂಗುಟ್ಟುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಒಂದೆರಡನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಇಪ್ಪತ್ತು ವರ್ಷದಲ್ಲಿ ಅವರು ಅವಳಿಂದ ಅಡುಗೆಯ ವಿಷಯ ಕೇಳಿದ್ದು ಅದೇ ಮೊದಲು.

"ಸರಿ," ಎಂದರು ಅತ್ತೆ. "ಇನ್ನು ಫೋನ್ ಅವನಿಗೆ ಕೊಡು. ಹೀಗೆ ಮಾಡಿದ್ರೆ ಆಗುತ್ತಾ ಅಂತ ಒಂದು ಮಾತು ಕೇಳ್ತೀನಿ."